ಹುಲ್ಲಿಗೂ ಬಿಡುವು ಬೇಕು: 14ನೇ ತಿಂಗಳ ಟಿಪ್ಪಣಿ

ಹುಲ್ಲುಗಾವಲನ್ನು ತುಂಡು ಮಾಡಿ ದನಗಳನ್ನು ಸರದಿಯಲ್ಲಿ ಮೇಯಿಸಲು ಶುರುಮಾಡಿ ಇದು 14ನೇ ತಿಂಗಳು. ಇವತ್ತು ಬೆಳಿಗ್ಗೆ ಅವನ್ನು 7ನೇ ತುಂಡಿಗೆ ಬಿಟ್ಟೆವು. ಈಗ ಅವಕ್ಕೆ ಚೆನ್ನಾಗಿ ರೂಢಿಯಾಗಿದೆ. ಕರೆಂಟ್ ಬೇಲಿಯ ತಂತಿ ಸುತ್ತುವ ಸದ್ದು ಕೇಳಿದರೆ ಸಾಕು, ಮುದಿ ಹಸು ಮುಂದೆ, ಉಳಿದ 41 ಅದರ ಹಿಂದೆ. ಐದು ನಿಮಿಷದ ಕೆಲಸ. ಮೊದಲ ತಿಂಗಳಲ್ಲಿ ಇದಕ್ಕೇ ಮನೆಮಂದಿಯೆಲ್ಲ ಅರ್ಧ ದಿನ ಓಡಾಡುತ್ತಿದ್ದೆವು.

ಮೊದಲು ಇಡೀ ಹುಲ್ಲುಗಾವಲು ಒಂದೇ ಬಯಲಾಗಿತ್ತು. ದನ ಇಷ್ಟ ಬಂದ ಕಡೆ ಮೇಯುತ್ತಿದ್ದವು. ರುಚಿಯ ಹುಲ್ಲು ಚಿಗುರಿದ ತಕ್ಷಣ ಮತ್ತೆ ಅದಕ್ಕೇ ಬಾಯಿ. ಬೇಡದ ಗಿಡಗಳು ಮಾತ್ರ ಸೊಂಪಾಗಿ ಬೆಳೆದವು. ಅಪ್ಪ, ಅಕ್ಕ, ನಾನು ಕೂತು ಬಯಲನ್ನು 12 ತುಂಡು ಮಾಡಿದೆವು. ಒಂದೊಂದರಲ್ಲಿ ಮೂರು ದಿನ ಮೇವು, ಆಮೇಲೆ 33 ದಿನ ಬಿಡುವು.

ಲೆಕ್ಕ ಸುಲಭ, ಮನಸ್ಸು ಒಪ್ಪುವುದು ಕಷ್ಟ. ಇನ್ನೂ ಇಷ್ಟು ಹುಲ್ಲಿದೆ, ಈಗಲೇ ಯಾಕೆ ಹೊರಡಿಸಬೇಕು ಎಂದು ಅಪ್ಪ ಪ್ರತಿ ಸಲ ಕೇಳುತ್ತಿದ್ದರು. ಉಳಿದ ಆ ಹುಲ್ಲೇ ಮುಖ್ಯ, ಅಲ್ವಾ? ಎಲೆ ಇದ್ದರೆ ತಾನೇ ಬೇರಿಗೆ ಊಟ. ಅಮೆರಿಕದ ವಿಜ್ಞಾನಿ ಫ್ರಾಂಕ್ಲಿನ್ ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಲೆಯ ಭಾಗವನ್ನು ಅರ್ಧಕ್ಕಿಂತ ಜಾಸ್ತಿ ಕತ್ತರಿಸಿದಾಗ ಬೇರು ಬೆಳೆಯುವುದೇ ನಿಂತಿತ್ತು. ಅದಕ್ಕೇ ನಮ್ಮ ನಿಯಮ, ಅರ್ಧ ದನಕ್ಕೆ, ಅರ್ಧ ನೆಲಕ್ಕೆ. ಹೊಟ್ಟೆ ತುಂಬಿತೋ ಇಲ್ಲವೋ ಎಂದು ತಿಳಿಯಲು ಹಸುವಿನ ಎಡಗಡೆ, ಪಕ್ಕೆಲುಬಿನ ಹಿಂದಿನ ಗುಳಿ ನೋಡುತ್ತೇವೆ. ಅದು ಒಳಗೆ ಹೋಗಿದ್ದರೆ ನಾವು ತಡ ಮಾಡಿದ್ದೇವೆ ಎಂದೇ ಅರ್ಥ.

9ನೇ ತಿಂಗಳಲ್ಲಿ ದೊಡ್ಡ ಪೆಟ್ಟು ಬಿತ್ತು. ಮಳೆ ನಿಂತು ನೆಲ ಒಣಗಿತ್ತು. ಒಂದು ರಾತ್ರಿ ಇಡೀ ಹಿಂಡು ಕರೆಂಟ್ ಬೇಲಿ ದಾಟಿ, 20 ದಿನವಷ್ಟೇ ಬಿಡುವು ಸಿಕ್ಕಿದ್ದ ತುಂಡಿಗೆ ನುಗ್ಗಿತು. ಬೆಳಿಗ್ಗೆ ನೋಡಿದರೆ ಚಿಗುರೆಲ್ಲ ಬುಡಕ್ಕೆ ಬಂದಿತ್ತು. ತಂತಿ ಎಲ್ಲೂ ತುಂಡಾಗಿರಲಿಲ್ಲ, ಬೇಲಿಗೆ ಕರೆಂಟು ಕೊಡುವ ಯಂತ್ರವೂ ಸರಿಯಿತ್ತು. ತಪ್ಪು ಅರ್ಥಿಂಗ್‌ನಲ್ಲಿತ್ತು. ಕರೆಂಟು ದನದ ಮೈಯಿಂದ ನೆಲಕ್ಕಿಳಿದು, ಅರ್ಥಿಂಗ್ ಸರಳಿನ ಮೂಲಕ ಯಂತ್ರಕ್ಕೆ ವಾಪಸ್ ಬಂದರೆ ಮಾತ್ರ ಶಾಕ್ ಹೊಡೆಯುವುದು. ಒಣ ಮಣ್ಣಿನಲ್ಲಿ ಆ ದಾರಿ ಮುಚ್ಚಿಹೋಗುತ್ತದೆ. ಒಂದೇ ಸರಳು ಇತ್ತು. ಈಗ ತೊಟ್ಟಿಯ ಹತ್ತಿರ, ತೇವ ಇರುವ ಕಡೆ, ದೂರದೂರಕ್ಕೆ ಮೂರು ಹೊಡೆದಿದ್ದೇವೆ. ಆ ತುಂಡು ಸುಧಾರಿಸಲು ಮೂರು ತಿಂಗಳು ಹಿಡಿಯಿತು. ಅಕ್ಕ ಅದರ ಪಕ್ಕ ಹಾದಾಗಲೆಲ್ಲ ನಿಂತು ನೋಡುತ್ತಿದ್ದಳು.

ಬೆಳವಣಿಗೆ ನಿಧಾನವಾದ ಆ ದಿನಗಳಲ್ಲಿ ಒಂದೊಂದು ತುಂಡನ್ನೂ ಎರಡು ಮಾಡಿದೆವು. 24 ತುಂಡು, ಎರಡೆರಡು ದಿನ, 46 ದಿನ ಬಿಡುವು. ಕೊರತೆಗೆ ಒಣಹುಲ್ಲು ಹಾಕಿದೆವು. ಬಿಡುವಿನ ದಿನ ಕ್ಯಾಲೆಂಡರ್ ನೋಡಿ ಹಾಕುವುದಲ್ಲ, ಹುಲ್ಲು ನೋಡಿ ಹಾಕಬೇಕು ಎಂದು ಆಗ ಗೊತ್ತಾಯಿತು.

ನನಗೆ ತುಂಬಾ ಖುಷಿ ಕೊಟ್ಟಿದ್ದು ಸಗಣಿ. ನಿಜವಾಗಿಯೂ! ಮೊದಲು ಸಗಣಿ ರೊಟ್ಟಿಯ ಹಾಗೆ ಒಣಗಿ ವಾರಗಟ್ಟಲೆ ಬಿದ್ದಿರುತ್ತಿತ್ತು. ಎಲ್ಲ ದನಕ್ಕೂ ಕಣ್ಣುಮುಚ್ಚಿ ಜಂತಿನ ಔಷಧಿ ಕೊಡುತ್ತಿದ್ದೆವು. ಐವರ್ಮೆಕ್ಟಿನ್‌ನಂಥ ಔಷಧಿಯ ಅಂಶ ಸಗಣಿಯಲ್ಲಿ ಉಳಿದು ಸಗಣಿ ಹುಳುವಿನ ಮರಿಗಳನ್ನು ಕೊಲ್ಲುತ್ತದೆ. ಈಗ ಸಗಣಿ ಪರೀಕ್ಷೆ ಮಾಡಿಸಿ, ಜಂತಿನ ಮೊಟ್ಟೆ ಜಾಸ್ತಿ ಇದ್ದ ದನಕ್ಕೆ ಮಾತ್ರ ಔಷಧಿ. ಜಂತಿನ ಮರಿಗಳು ಹೆಚ್ಚಾಗಿ ಹುಲ್ಲಿನ ಬುಡದಲ್ಲೇ ಇರುತ್ತವೆ, ಅರ್ಧ ಹುಲ್ಲು ಬಿಟ್ಟು ಹೊರಡುವುದು ಇದಕ್ಕೂ ಒಳ್ಳೆಯದು. ಮೊನ್ನೆ ಎರಡು ದಿನದ ಸಗಣಿಯನ್ನು ಕಡ್ಡಿಯಿಂದ ಎತ್ತಿ ನೋಡಿದೆ. ಮೇಲೆ ಪೂರ್ತಿ ಜರಡಿ. ಕೆಳಗೆ ಬೆರಳು ಗಾತ್ರದ ಬಿಲಗಳು, ಬಾಯಲ್ಲಿ ಸಡಿಲ ಮಣ್ಣಿನ ಗುಪ್ಪೆ, ಒಳಗೆ ಸರಸರನೆ ಇಳಿಯುವ ಕಪ್ಪು ಹುಳುಗಳು. ಆಸ್ಟ್ರೇಲಿಯಾದಲ್ಲಿ ಹಸುವಿನ ಸಗಣಿ ಕರಗಿಸುವ ಹುಳುಗಳು ಸಾಲದೆ, 1960ರ ದಶಕದಲ್ಲಿ ಹೊರದೇಶದಿಂದ ತರಿಸಲು ಶುರುಮಾಡಿದ್ದರು. ನಮ್ಮಲ್ಲಿ ಅವು ತಾವಾಗಿಯೇ ಬಂದಿವೆ.

ನೆಲ ಎಷ್ಟು ಬೇಗ ನೀರು ಹೀರುತ್ತದೆ ಎಂಬ ಪರೀಕ್ಷೆಯನ್ನೂ ಬರೆದಿಡುತ್ತೇನೆ. ಆರಿಂಚು ಅಗಲದ ಕೊಳವೆಯ ತುಂಡನ್ನು ನೆಲಕ್ಕೆ ಬಡಿದು 450 ಮಿಲಿಲೀಟರ್ ನೀರು ಸುರಿಯುವುದು. ಅಂದರೆ ಸುಮಾರು ಒಂದಿಂಚು ಮಳೆ. ಮೊದಲ ತಿಂಗಳಲ್ಲಿ ಇಂಗಲು 19 ನಿಮಿಷ, ಈ ವಾರ ಅದೇ ಜಾಗದಲ್ಲಿ 7. ತೊಟ್ಟಿಯ ಸುತ್ತ ಮಾತ್ರ ಇನ್ನೂ 31, ಗೊರಸಿನ ತುಳಿತ ಅಷ್ಟಿದೆ. ಅದಕ್ಕೆ ಸಾಗಿಸಬಹುದಾದ ತೊಟ್ಟಿ ಮಾಡುತ್ತಿದ್ದೇವೆ, ಪೈಪು ಹಾಕಿ ಆಗಿದೆ.

ಹಳ್ಳದ ಪಕ್ಕದ ಬೇಲಿ ಅರ್ಧ ಮುಗಿದಿದೆ. ನೆಟ್ಟ 60 ಸಸಿಗಳಲ್ಲಿ 43 ಉಳಿದಿವೆ.

8ನೇ ತುಂಡಿಗೆ ಮೂರು ದಿನ ಬಿಟ್ಟು ಹೋಗಬೇಕಿತ್ತು. ಸಂಜೆ ಅಪ್ಪನೇ ಹೋಗಿ, ಬಗ್ಗಿ, ಹುಲ್ಲು ಹಿಡಿದು ನೋಡಿ ಬಂದರು. ಮೂರನೇ ಎಲೆ ಇನ್ನೂ ಬಿಚ್ಚಿಲ್ಲವಂತೆ, ಅಂದರೆ ಹುಲ್ಲು ಮೇಯಿಸಲು ಇನ್ನೂ ಸಿದ್ಧವಾಗಿಲ್ಲ. "ಎರಡು ದಿನ ತಡಿ, ಅಲ್ಲಿವರೆಗೆ ಒಣಹುಲ್ಲು ಹಾಕೋಣ," ಎಂದರು.