ಲೇಬಲ್ ಮೇಲೆ ಊರು, ಒಳಗೆ ಗಮೇ

ಫ್ರೆಂಚ್ ರೆಡ್ ವೈನ್‌ಗೆ ನಾನು ಕಾಲಿಟ್ಟಿದ್ದೇ ತಪ್ಪು ಬಾಗಿಲಿನಿಂದ. ಎಲ್ಲರ ಹಾಗೆ ನೇರ ಬೋರ್ಡೋ ಸೀಮೆಯ ವೈನ್‌ಗೆ ಹೋದೆ. ಇನ್ನೂ ಒಗರು ಇಳಿಯದ ಎಳೇ ಕ್ಯಾಬರ್ನೆ ಸೋವಿನ್ಯೋನ್ ದ್ರಾಕ್ಷಿಯ ವೈನ್ ತಂದು ಮೀನಿನ ಜೊತೆ ಕುಡಿದೆ, ಬಾಯಲ್ಲಿ ತುಕ್ಕು ಹಿಡಿದ ಕಬ್ಬಿಣ ಇಟ್ಟುಕೊಂಡ ಹಾಗಾಯಿತು. ವೈನ್ ಚೆನ್ನಾಗಿಯೇ ಇತ್ತು, ಮೀನೂ ಚೆನ್ನಾಗಿತ್ತು. ಜೋಡಿ ಮಾಡಿದವನಿಗೆ ಬುದ್ಧಿ ಇರಲಿಲ್ಲ.

ಈಗ ಯಾರಾದರೂ ಕೇಳಿದರೆ ಬೋಜೋಲೆಯಿಂದ ಶುರು ಮಾಡಿ ಅನ್ನುತ್ತೇನೆ. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ದಕ್ಷಿಣದ ತುದಿಗೂ ಲಿಯೋನ್ ನಗರಕ್ಕೂ ನಡುವಿನ ಗುಡ್ಡಗಳ ಸೀಮೆ ಅದು. ಅಲ್ಲಿನ ರೆಡ್ ವೈನ್ ಅಂದರೆ ಗಮೇ ದ್ರಾಕ್ಷಿಯದೇ. ಆದರೆ ಲೇಬಲ್ ಮೇಲೆ ಗಮೇ ಅಂತ ಹುಡುಕಿದರೆ ಸಾಮಾನ್ಯವಾಗಿ ಸಿಗಲ್ಲ. ಒಳ್ಳೆಯ ಬಾಟಲಿಗಳಲ್ಲಿ ಎಷ್ಟೋ ಸಲ ಬೋಜೋಲೆ ಅನ್ನೋ ಪದವೂ ಕಾಣಲ್ಲ, ಮೊರ್ಗೋನ್, ಫ್ಲೂರಿ, ಬ್ರೂಯಿ ಅಂತ ಜಾಗದ ಹೆಸರು ಮಾತ್ರ. ಇಂಥ ಮೇಲ್ದರ್ಜೆಯ ಜಾಗಗಳು 10 ಇವೆ, ಅವನ್ನು ಕ್ರೂ ಅನ್ನುತ್ತಾರೆ. ಕೊನೆಯದಾಗಿ 1988ರಲ್ಲಿ ರೆನ್ಯೇ ಸೇರಿತು. ಇದು ಗೊತ್ತಿಲ್ಲದೆ ನಾನು ಎಷ್ಟು ಫ್ಲೂರಿ ಬಾಟಲಿಗಳನ್ನು ದಾಟಿಕೊಂಡು ಹೋಗಿದ್ದೇನೋ!

ಗಮೇ ಕಥೆಯೂ ಮಜವಾಗಿದೆ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಇದನ್ನು ಕೆಟ್ಟ ಬಳ್ಳಿ ಅಂತ ಬೈದು ಕಿತ್ತುಹಾಕಿಸಲು ಆಜ್ಞೆ ಮಾಡಿದ. ಅವನಿಗೆ ಬೇಕಿದ್ದದ್ದು ಬರ್ಗಂಡಿಯ ಇನ್ನೊಂದು ದ್ರಾಕ್ಷಿ, ಪಿನೋ ನುವಾರ್. ಆದರೆ ಬೋಜೋಲೆಯ ಉತ್ತರ ಭಾಗದ ಗ್ರಾನೈಟ್ ನೆಲದಲ್ಲಿ ಗಮೇ ಬೇರೆಯೇ ಆಗಿ ಬೆಳೆಯುತ್ತದೆ. ಆ 10 ಕ್ರೂಗಳೂ ಅದೇ ಉತ್ತರದ ಕಡೆಯವು, ಸುಮ್ನೆ ಅಲ್ಲ.

ಇನ್ನು ಊಟಕ್ಕೆ ಬರೋಣ. ಬೋಜೋಲೆಯಲ್ಲಿ ವೈನ್ ಮಾಡುವಾಗ ದ್ರಾಕ್ಷಿಯನ್ನು ಹಿಂಡದೆ ಗೊಂಚಲು ಗೊಂಚಲಾಗಿಯೇ ತೊಟ್ಟಿಗೆ ಹಾಕುವುದು ರೂಢಿ. ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಹಣ್ಣಿನೊಳಗೇ ಹುದುಗು ಶುರುವಾಗುತ್ತದೆ. ಹಾಗಾಗಿ ಬಣ್ಣ, ಹಣ್ಣಿನ ಪರಿಮಳ ಚೆನ್ನಾಗಿ ಬರುತ್ತದೆ, ಒಗರು ಕೊಡುವ ಟ್ಯಾನಿನ್ ಮಾತ್ರ ಕಡಿಮೆ. ಹುಳಿ ಚುರುಕಾಗಿರುತ್ತದೆ. ಲಿಯೋನ್‌ನ ಬುಶೋನ್ ಅನ್ನೋ ಪುಟ್ಟ ಊಟದ ಮನೆಗಳಲ್ಲಿ ಸಿಗೋದೆಲ್ಲ ಕೊಬ್ಬಿನ ಊಟ: ಹಂದಿ ಮಾಂಸದ ಸೋಸಿಸೋನ್, ಕರುಳಿನ ಆಂಡುಯೆಟ್. ಒಂದು ತುತ್ತು ಕೊಬ್ಬು, ಒಂದು ಗುಟುಕು ಹುಳಿ, ನಾಲಿಗೆ ಮತ್ತೆ ಸ್ವಚ್ಛ. ಅಲ್ಲಿ ವೈನ್ ಬರೋದು ದಪ್ಪ ತಳದ 46 ಸೆಂಟಿಲೀಟರ್ ಬಾಟಲಿಯಲ್ಲಿ, ಅದಕ್ಕೆ ಪೋ ಅಂತ ಹೆಸರು.

ಹುರಿದ ಕೋಳಿಗೆ ಫ್ಲೂರಿ ಸಾಕು. ದನದ ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿದ್ದರೆ ಫ್ಲೂರಿ ಸೋತುಹೋಗುತ್ತದೆ, ಆಗ ಮುಲ್ಯಾನ್-ಆ-ವಾನ್ ತೆಗೆಯಿರಿ. ಕ್ರೂಗಳಲ್ಲೇ ಗಟ್ಟಿ ಆಳು ಅದು, ಕೆಲವು ವರ್ಷ ಇಟ್ಟರೆ ಪಿನೋ ನುವಾರ್ ಥರ ಆಗುತ್ತದೆ. ಡ್ಯೂಕ್‌ಗೆ ಇದನ್ನು ಕುಡಿಸಬೇಕಿತ್ತು ಅಲ್ವಾ? ಅಂದಹಾಗೆ ಮುಲ್ಯಾನ್-ಆ-ವಾನ್ ಅನ್ನೋ ಊರೇ ಇಲ್ಲ, ಅಲ್ಲಿರುವ ಗಾಳಿಗಿರಣಿಯಿಂದ ಬಂದ ಹೆಸರು.

ನವೆಂಬರ್‌ನ ಮೂರನೇ ಗುರುವಾರ ಬರುವ ಬೋಜೋಲೆ ನುವೋ ಬಗ್ಗೆ ಜಾಸ್ತಿ ಹೇಳಲ್ಲ. ಕೆಲವೇ ವಾರಗಳ ಹಿಂದೆ ಕೊಯ್ದ ದ್ರಾಕ್ಷಿಯದು, ಹಬ್ಬಕ್ಕೆ ಸರಿ. ಅದನ್ನು ಕುಡಿದು ಇಡೀ ಸೀಮೆಯನ್ನು ಅಳೆಯಬೇಡಿ.

ಇನ್ನೊಂದು, ರೆಡ್ ವೈನ್ ತಣ್ಣಗಿರಬಾರದು ಅನ್ನೋರ ಮಾತು ಇಲ್ಲಿ ಕೇಳಬೇಡಿ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, 13 ಡಿಗ್ರಿ ಹತ್ತಿರ ಕುಡಿಯಿರಿ. ಬೆಚ್ಚಗಾದ ಗಮೇ ಹಣ್ಣಿನ ಜ್ಯಾಮ್ ಕುಡಿದ ಹಾಗಿರುತ್ತದೆ.