ಡ್ರಮ್ ಖಾಲಿಯಾದದ್ದು ಯಾವಾಗ?

ಎಂಎಸ್ಸಿಗೆ ಅಂತ ಮಾನಸಗಂಗೋತ್ರಿಗೆ ಬಂದಾಗ ನಮ್ಮ ಬ್ಯಾಚಿನ ಎಲ್ಲರಿಗೂ ಒಂದು ಧೈರ್ಯ ಇತ್ತು: ಬೇರೆ ಪೇಪರ್ ಹೇಗೋ ಏನೋ, ಓಡಿಇ, ಅಂದರೆ ಆರ್ಡಿನರಿ ಡಿಫರೆನ್ಷಿಯಲ್ ಈಕ್ವೇಷನ್ (ಅವಕಲ ಸಮೀಕರಣ), ಮಾತ್ರ ನಮಗೆ ಗೊತ್ತು. ಬಿಎಸ್ಸಿಯಲ್ಲಿ ಕೈ ಚೆನ್ನಾಗಿ ಪಳಗಿತ್ತು. ವೇರಿಯಬಲ್ ಬೇರೆ ಆಗುತ್ತಾ? ಎಕ್ಸಾಕ್ಟ್ ಇದೆಯಾ? ಇಲ್ವಾ, ಇಂಟಿಗ್ರೇಟಿಂಗ್ ಫ್ಯಾಕ್ಟರ್ ಹಾಕು. ಕೊನೆಗೊಂದು ಪ್ಲಸ್ ಸಿ. ಮಂಡ್ಯದಿಂದ ಬೆಳಗಿನ ರೈಲಿಗೆ ಬರುತ್ತಿದ್ದ ಗೆಳತಿಯೊಬ್ಬಳು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಎರಡು ಲೆಕ್ಕ ಮುಗಿಸಿರುತ್ತಿದ್ದಳು.

ಓಡಿಇ ಮೇಷ್ಟ್ರು ಮೊದಲ ಕ್ಲಾಸಿನಲ್ಲೇ ಬೋರ್ಡ್ ಮೇಲೆ ಒಂದು ಸಾಲು ಬರೆದರು. ವೈ ಪ್ರೈಮ್ ಈಕ್ವಲ್ ಟು ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್. "ಬಿಡಿಸ್ರಮ್ಮಾ, ನೋಡೋಣ" ಅಂತ ಕುರ್ಚಿ ಎಳೆದುಕೊಂಡು ಕೂತರು. ಇಷ್ಟು ಪುಟ್ಟ ಲೆಕ್ಕ ಅಲ್ವಾ! ಒಬ್ಬರು ಒಂದು ಸಬ್‌ಸ್ಟಿಟ್ಯೂಷನ್, ಇನ್ನೊಬ್ಬರು ಇನ್ನೊಂದು. ಪುಟಗಳು ತುಂಬಿದವು, ಉತ್ತರ ಬರಲಿಲ್ಲ. ಆಮೇಲೆ ಅವರೇ ಎದ್ದು ಹೇಳಿದರು: ಗೊತ್ತಿರೋ ಸಾಧಾರಣ ಫಂಕ್ಷನ್‌ಗಳಲ್ಲಿ ಇದಕ್ಕೆ ಉತ್ತರ ಬರೆಯೋಕೆ ಆಗಲ್ಲ ಅಂತ ಫ್ರಾನ್ಸಿನ ಗಣಿತಜ್ಞ ಲಿಯೂವಿಲ್ 1841ರಲ್ಲೇ ತೋರಿಸಿದ್ದಾನೆ. ಮೊದಲೇ ಹೇಳಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆದರೆ ಅಲ್ಲಿಂದ ಮುಂದೆ ಅವರು ಮಾಡಿದ್ದು ಸೊಗಸಾಗಿತ್ತು. ಮೂಲಬಿಂದುವಿನ ಸುತ್ತ ಒಂದು ವೃತ್ತ ಎಳೆದರು, ತ್ರಿಜ್ಯ 1. ವೈ ಪ್ರೈಮ್ ಅಂದರೆ ಕರ್ವ್ ಆ ಜಾಗದಲ್ಲಿ ಏರುವ ಇಳಿಜಾರು; ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್ ಅಂದರೆ ತ್ರಿಜ್ಯದ ವರ್ಗ. ಆದ್ದರಿಂದ ಈ ವೃತ್ತದ ಮೇಲೆ ಎಲ್ಲೇ ನಿಂತರೂ ಇಳಿಜಾರು 1. ಹಾಗಾಗಿ ಸುತ್ತಲೂ 45 ಡಿಗ್ರಿಗೆ ಓರೆಯಾಗಿ ಸಣ್ಣ ಸಣ್ಣ ಗೀಟು ಹಾಕಿದರು. ತ್ರಿಜ್ಯ 2ರ ವೃತ್ತದ ಮೇಲೆ ಇಳಿಜಾರು 4, ಗೀಟುಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತವು. ಒಳಗಡೆ ಅರ್ಧ ತ್ರಿಜ್ಯದ ವೃತ್ತದಲ್ಲಿ ಬರೀ ಕಾಲು. ಬೇರೆ ಬಣ್ಣದ ಚಾಕ್‌ಪೀಸ್ ತಗೊಂಡು ಮೂಲಬಿಂದುವಿನಿಂದ ಹೊರಟು ಗೀಟು ತೋರಿಸಿದ ಕಡೆಗೇ ಕೈ ಓಡಿಸಿದರು. ಬಿಡಿಸಲಾಗದ ಸಮೀಕರಣದ ಉತ್ತರ ಬೋರ್ಡ್ ಮೇಲೆ ಕಾಣುತ್ತಿತ್ತು!

ಮಾರನೇ ವಾರ ಪಿಕಾರ್ಡ್ ವಿಧಾನ: ಒಂದು ಅಂದಾಜು ಉತ್ತರದಿಂದ ಹೊರಟು ಸುತ್ತು ಸುತ್ತಿಗೂ ಅದನ್ನು ತಿದ್ದುತ್ತಾ ಹೋಗೋದು. ಅದೇ ಲೆಕ್ಕ, ಸೊನ್ನೆಯಿಂದ ಶುರು. ಮೊದಲ ಸುತ್ತಿಗೆ ಎಕ್ಸ್ ಕ್ಯೂಬ್ ಬೈ 3, ಎರಡನೇ ಸುತ್ತಿಗೆ ಛೇದದಲ್ಲಿ 63, ಮೂರನೇ ಸುತ್ತಿಗೆ 2079 ಮತ್ತು 59535. ನಾಲ್ಕನೆಯದನ್ನು ಮನೆಗೆ ಕೊಟ್ಟರು. ಯಾರೂ ಮಾಡಿಕೊಂಡು ಬರಲಿಲ್ಲ, ಅವರೂ ಕೇಳಲಿಲ್ಲ.

ಉತ್ತರ ಒಂದೇನಾ, ಜಾಸ್ತಿ ಇರಬಹುದಾ ಅನ್ನೋ ಪ್ರಶ್ನೆಗೆ ಅವರು ಹಿಡಿದದ್ದು ತಳದಲ್ಲಿ ತೂತಿರುವ ನೀರಿನ ಡ್ರಮ್. ನೀರಿನ ಮಟ್ಟ ಇಳಿಯುವ ವೇಗ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ, ಟೊರಿಚೆಲ್ಲಿಯ ನಿಯಮ. 100 ಸೆಂಟಿಮೀಟರ್ ನೀರು 20 ನಿಮಿಷದಲ್ಲಿ ಖಾಲಿಯಾಗುತ್ತದೆ ಅನ್ನಿ. ಮೊದಲ 10 ನಿಮಿಷಕ್ಕೇ 75 ಸೆಂಟಿಮೀಟರ್ ಹೋಗಿರುತ್ತದೆ. ಉಳಿದ 25ಕ್ಕೆ ಮತ್ತೆ 10 ನಿಮಿಷ ಕಾಯಬೇಕು.

"ಕಾಫಿ ಈಗ ಎಷ್ಟು ಬಿಸಿ ಇದೆ ಅಂತ ಹೇಳಿ, ರೂಮಿನ ಬಿಸಿ ಹೇಳಿ, ಆರೋ ದರ ಹೇಳಿ. ಹತ್ತು ನಿಮಿಷದ ಹಿಂದೆ ಎಷ್ಟಿತ್ತು ಅಂತ ನಾನು ಹೇಳ್ತೀನಿ. ಈಗ ಈ ಖಾಲಿ ಡ್ರಮ್ ನೋಡಿ. ಯಾವಾಗ ಖಾಲಿಯಾಯ್ತು ಹೇಳಿ?" ಅಂದರು ಮೇಷ್ಟ್ರು.

ಹೇಳೋಕಾಗಲ್ಲ. ಈಗ ತಾನೇ ಆಗಿರಬಹುದು, ನಿನ್ನೆಯೇ ಆಗಿರಬಹುದು. ಎಲ್ಲ ಕಥೆಗಳೂ ಅದೇ ಸಮೀಕರಣಕ್ಕೆ ಒಪ್ಪುತ್ತವೆ. ಸೊನ್ನೆಯ ಹತ್ತಿರ ವರ್ಗಮೂಲದ ಗ್ರಾಫ್ ಸಿಕ್ಕಾಪಟ್ಟೆ ಕಡಿದಾಗುತ್ತದೆ, ಕಡಿದು ಒಂದು ಮಿತಿಯೊಳಗಿದ್ದರೆ ಉತ್ತರ ಒಂದೇ ಅನ್ನುವ ಲಿಪ್‌ಶಿಟ್ಸ್ ಷರತ್ತು ಅಲ್ಲೇ ಮುರಿಯುತ್ತದೆ. ಪರೀಕ್ಷೆಗೆ ಅಂತ ಸುಮ್ನೆ ಉರು ಹೊಡೆದಿದ್ದ ಆ ಷರತ್ತು ಯಾಕೆ ಬೇಕು ಅಂತ ನನಗೆ ಅರ್ಥವಾದದ್ದು ಅವತ್ತು.

ಈಗ ನಾನೂ ಬಿಎಸ್ಸಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಇಂಟಿಗ್ರೇಟಿಂಗ್ ಫ್ಯಾಕ್ಟರ್‌ಗಿಂತ ಮೊದಲು ಆ ವೃತ್ತಗಳ ಚಿತ್ರ ಬರಬೇಕು ಅನ್ನೋದು ನನ್ನ ವಾದ, ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪಲ್ಲ. ಪ್ರಾಕ್ಟಿಕಲ್‌ಗೆ ಸೈಲ್ಯಾಬ್ ಅನ್ನೋ ಗಣಿತದ ಸಾಫ್ಟ್‌ವೇರ್ ಇದೆಯಲ್ಲ ಅಂತಾರೆ. ಇದೆ, ಸರಿ. ಅದರಲ್ಲಿ ಇದೇ ಸಮೀಕರಣಕ್ಕೆ 0.1ರ ಹೆಜ್ಜೆ ಇಟ್ಟು ಆಯ್ಲರ್ ವಿಧಾನ (ಇಳಿಜಾರು ತೋರಿಸಿದ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಹೋಗೋದು) ಓಡಿಸಿ ನೋಡಿ. ಮೂಲಬಿಂದುವಿನಿಂದ ಹೊರಟ ನಿಜವಾದ ಕರ್ವ್, ಎಕ್ಸ್‌ನ ಬೆಲೆ 2 ದಾಟಿದ ಕೂಡಲೇ ಅನಂತಕ್ಕೆ ಏರಿಬಿಡುತ್ತದೆ. ಕಂಪ್ಯೂಟರ್ ಮಾತ್ರ 2.1ಕ್ಕೂ 2.2ಕ್ಕೂ ಏನೂ ಆಗದವರ ಹಾಗೆ ಉತ್ತರ ಕೊಡುತ್ತಾ ಹೋಗುತ್ತದೆ. ಹುಡುಗರು ಅದನ್ನೇ ರೆಕಾರ್ಡಿನಲ್ಲಿ ಬರೆದು ಸಹಿಗೆ ತರುತ್ತಾರೆ. ನಾನು ಕಾಂಪಸ್ ಕೊಟ್ಟು ವಾಪಸ್ ಕಳಿಸುತ್ತೇನೆ.