‘ಈಗ ಏನೇನೆಲ್ಲ ಬಿಟ್ಟಿದ್ದೀರಿ?’ ಅಂತ ಕೇಳುವವರಿಗೆ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಊರಿಗೆ ಬಂದಾಗಿನಿಂದ ಜನ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ನಮ್ಮ ಕೊಡಗಿನ ಗೋಣಿಕೊಪ್ಪದ ಸಂತೆಯಲ್ಲಿ ಸಿಕ್ಕವರು, ಮದುವೆ ಮನೆಯಲ್ಲಿ ಪಕ್ಕ ಕೂತವರು, ಯಾರಿಂದಲೋ ನಂಬರ್ ತಗೊಂಡು ಫೋನ್ ಮಾಡಿದವರು, ಎಲ್ಲರದೂ ಅದೇ: “ಅಕ್ಕ, ಈಗ ಏನೇನೆಲ್ಲ ಬಿಟ್ಟಿದ್ದೀರಿ?” ಪಂದಿ ಕರಿ (ಹಂದಿ ಮಾಂಸದ ಸಾರು) ಬಿಟ್ರಾ, ಸಕ್ಕರೆ ಬಿಟ್ರಾ, ಕಾಫಿ ಬಿಟ್ರಾ ಅಂತ ಒಂದೊಂದಾಗಿ ಕೇಳುವವರೂ ಇದ್ದಾರೆ. ಅವರಲ್ಲಿ ಕೆಲವರಿಗೆ ಹೋದ ವಾರವಷ್ಟೇ ಬಯಾಪ್ಸಿ ರಿಪೋರ್ಟ್ ಬಂದಿರುತ್ತದೆ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪೂರ್ತಿ ಬಿಟ್ಟದ್ದು ಅಂದರೆ ಮುಖ್ಯವಾಗಿ ಮದ್ಯ ಕುಡಿಯುವುದು. ಉಳಿದದ್ದರಲ್ಲಿ ಅಳತೆ ಬದಲಾಗಿದೆ ಅಷ್ಟೆ. ನನ್ನ ದಿನಚರಿ ನಿಜವಾಗಿ ಬದಲಾಗಿದ್ದು ನಡಿಗೆಯಿಂದ, ಭಾರ ಎತ್ತುವುದರಿಂದ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

“ಏನು ಬಿಟ್ರಿ” ಅನ್ನುವುದರ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ ಅಂತ ನನಗೆ ಅನುಮಾನ. ಏನು ತಿಂದು ಇದು ಬಂತು? ನಮ್ಮ ದೇಶದ ಹೆಂಗಸರಲ್ಲಿ ಅತಿ ಜಾಸ್ತಿ ಕಾಣುವ ಕ್ಯಾನ್ಸರ್ ಇದೇ. 2022ರ ಒಂದೇ ವರ್ಷದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು ಅಂತ ಅಂದಾಜು. ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವ ಪ್ರಕಾರ, ಈ ಕ್ಯಾನ್ಸರ್ ಆದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಹೆಣ್ಣಾಗಿರುವುದು, ವಯಸ್ಸು 40 ದಾಟಿರುವುದು, ಇವೆರಡು ಬಿಟ್ಟರೆ ಬೇರೆ ಕಾರಣ ಸಿಗುವುದಿಲ್ಲ. ಹಾಗಾಗಿ ನಿಮ್ಮ ಅಡುಗೆಮನೆಯನ್ನು ಕಟಕಟೆಯಲ್ಲಿ ನಿಲ್ಲಿಸಬೇಡಿ. ಅಭ್ಯಾಸ ಬದಲಾಯಿಸಿಕೊಳ್ಳುವುದು ಮುಂದಿನ ದಿನಗಳಿಗಾಗಿ. ಹಿಂದಿನದಕ್ಕೆ ದಂಡ ಕಟ್ಟುವುದಕ್ಕಲ್ಲ.

ಈಗ ನಡಿಗೆಯ ವಿಷಯ. “ದಿನಾ ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಹೋಗಿ” ಅಂತ ಮೈಸೂರಿನ ಡಾಕ್ಟರ್ ಹೇಳಿದರು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ. ನಮಗೆ ಆನೆ ಇದೆ. ದಕ್ಷಿಣ ಕೊಡಗಿನ ತೋಟದ ದಾರಿಗಳಲ್ಲಿ ಬೆಳಗಿನ ಜಾವ ಒಂಟಿಯಾಗಿ ನಡೆಯುವುದು ಆರೋಗ್ಯದ ಲಕ್ಷಣ ಅಲ್ಲ. ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳುವುದೇ ಬೇಡ. ರಾತ್ರಿ ತೋಟಕ್ಕೆ ನುಗ್ಗಿದ್ದು ಬೆಳಗಾದರೂ ಹೊರಟಿರುವುದಿಲ್ಲ. ಎದ್ದ ತಕ್ಷಣ ವಾಟ್ಸಾಪ್‌ನಲ್ಲಿ ಆನೆ ಎಲ್ಲಿದೆ ಅಂತ ನೋಡಿ, ಆಮೇಲೆ ಬಾಗಿಲು ತೆಗೆಯುವವರು ನಾವು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಜಿಗಣೆ ಬೇರೆ.

ಹಾಗಾಗಿ ನಾನು ಕಣದಲ್ಲಿ ನಡೆಯುತ್ತೇನೆ. ಕಾಫಿ ಒಣಗಿಸುವ ಸಿಮೆಂಟಿನ ಕಣ. ಹೊತ್ತು ಚೆನ್ನಾಗಿ ಏರಿದ ಮೇಲೆ, ಅಂಚಿನಲ್ಲೇ ಸುತ್ತು ಹಾಕುವುದು. ಕೆಮ್ಮಣ್ಣಿನ ಏರುಪೇರು ಇಲ್ಲ, ಕಾಲು ಜಾರುವ ಭಯ ಇಲ್ಲ, ಸುಸ್ತಾದರೆ ಜಗಲಿ ನಾಲ್ಕು ಹೆಜ್ಜೆ. ಜನವರಿ ಬಂದರೆ ರೊಬಸ್ಟಾ ಹಣ್ಣು ಹರಡಿರುತ್ತದೆ. ಆಗ ಅಂಚಿನಲ್ಲಿ ಒಂದು ಮೊಳ ಜಾಗ ಬಿಟ್ಟು ಹರಡಿ ಅಂತ ಮೊದಲೇ ಹೇಳಿರುತ್ತೇನೆ. ಕೆಲಸದ ಹೆಂಗಸರಿಗೆ ಶುರುವಿನಲ್ಲಿ ನಗು. “ಅಮ್ಮ ಗಾಣದ ಎತ್ತು ಆದ್ರು” ಅಂತ. ಈಗ ಮಧ್ಯಾಹ್ನ ಊಟ ಆದ ಮೇಲೆ ಅವರಲ್ಲಿ ಒಬ್ಬಳು ನನ್ನ ಜೊತೆ ಸುತ್ತುತ್ತಾಳೆ. ಅವಳಿಗೆ ಶುಗರ್ ಇದೆ. ದಿನವಿಡೀ ಬಗ್ಗಿ ಹಣ್ಣು ಕೊಯ್ದವಳಿಗೆ ಮತ್ತೆ ವಾಕಿಂಗ್ ಯಾಕೆ ಅಂತ ಕೇಳಿದರೆ, “ಇದು ನನ್ನ ನಡಿಗೆ ಅಲ್ವಾ ಅಮ್ಮ” ಅಂದಳು. ಮಳೆಗಾಲದಲ್ಲಿ ಜಗಲಿಯೇ ಗತಿ. ಉದ್ದಕ್ಕೆ ಹೋಗಿ ಬರುವುದು, ರೇಡಿಯೋ ಹಾಕಿಕೊಂಡು.

ಎಷ್ಟು ನಡೆಯಬೇಕು? 2019ರಲ್ಲಿ ಹಲವು ದೇಶಗಳ ತಜ್ಞರು ಕೂತು ಕ್ಯಾನ್ಸರ್ ಆದವರಿಗೆ ಅಂತಲೇ ಒಂದು ಅಳತೆ ಹೇಳಿದ್ದಾರೆ. ವಾರಕ್ಕೆ 3 ಸಲ, ಸಲಕ್ಕೆ 30 ನಿಮಿಷ, ಸ್ವಲ್ಪ ಏದುಸಿರು ಬರುವಷ್ಟು ಜೋರಾಗಿ. ಅಷ್ಟಕ್ಕೇ ಸುಸ್ತು, ಆತಂಕ, ಮನಸ್ಸಿನ ಕುಗ್ಗು ಕಡಿಮೆಯಾಗುತ್ತದೆ. ಆಮೇಲೆ ನಿಧಾನವಾಗಿ ವಾರಕ್ಕೆ 150 ನಿಮಿಷಕ್ಕೆ ಏರಿಸಿಕೊಂಡರೆ ಎಲ್ಲರಿಗೂ ಹೇಳುವ ಅಳತೆಗೆ ಬಂದ ಹಾಗಾಯಿತು. ಕೀಮೋ ಸುಸ್ತಿಗೆ ಮಲಗುವುದೇ ಮದ್ದು ಅಂತ ನಮ್ಮವರ ನಂಬಿಕೆ. “ಪಾಪ, ಮಲಗಿರಲಿ ಬಿಡಿ” ಅನ್ನುತ್ತಾರೆ. ಪ್ರೀತಿಯೇ ಅದು, ಇಲ್ಲ ಅನ್ನಲ್ಲ. ಆದರೆ ಆ ಸುಸ್ತು ಮಲಗಿದಷ್ಟೂ ಜಾಸ್ತಿ. ತೀರಾ ಆಗದ ದಿನ ನಾನು ಅಡುಗೆಮನೆಯಿಂದ ಹಾಸಿಗೆಗೆ, ಹಾಸಿಗೆಯಿಂದ ಅಡುಗೆಮನೆಗೆ ಓಡಾಡುತ್ತಿದ್ದೆ. ಜ್ವರ ಇದ್ದರೆ ಮಾತ್ರ ನಡಿಗೆ ಬೇಡ. ಕೀಮೋ ಹೊತ್ತಿನಲ್ಲಿ ಜ್ವರ ಬಂದರೆ ಆಸ್ಪತ್ರೆಗೆ, ಅದೂ ತಕ್ಷಣ.

ಇನ್ನು ತೋಳು. ಆಪರೇಷನ್‌ನಲ್ಲಿ ಕಂಕುಳಿನ ಗಂಟುಗಳನ್ನು (ಲಿಂಫ್ ನೋಡ್) ತೆಗೆದವರಿಗೆ “ಆ ಕೈಯಲ್ಲಿ ಏನೂ ಎತ್ತಬೇಡ” ಅಂತ ಊರೆಲ್ಲ ಬುದ್ಧಿ ಹೇಳುತ್ತದೆ. ಕೈ ಊದಿಕೊಳ್ಳುತ್ತದೆ ಅನ್ನುವ ಭಯ. ಊತ ಬರುವುದು ನಿಜ, ಅದಕ್ಕೆ ಲಿಂಫೆಡೀಮಾ ಅನ್ನುತ್ತಾರೆ. ಮೊದಲು ಡಾಕ್ಟರುಗಳೂ ಹಾಗೇ ಹೇಳುತ್ತಿದ್ದರು. ಆದರೆ 2009ರಲ್ಲಿ ಅಮೆರಿಕದಲ್ಲಿ ಈ ಊತ ಇದ್ದ 141 ಹೆಂಗಸರ ಮೇಲೆ ಒಂದು ಅಧ್ಯಯನ ಆಯಿತು. ಸ್ವಲ್ಪ ಸ್ವಲ್ಪವೇ ಭಾರ ಏರಿಸುತ್ತಾ, ಕಲಿಸುವವರ ಕಣ್ಣೆದುರು ವ್ಯಾಯಾಮ ಮಾಡಿದವರ ಕೈ ಊತ ಜಾಸ್ತಿಯಾಗಲಿಲ್ಲ. ಬದಲಿಗೆ ಅವರ ತೊಂದರೆ ಕಡಿಮೆಯಾಯಿತು, ಕೈಗೆ ಬಲ ಬಂತು. ಇದನ್ನು ಓದಿದ ಮೇಲೆಯೇ ನನಗೆ ಧೈರ್ಯ ಬಂದದ್ದು.

ನನ್ನ ಕ್ರಮ ಹೀಗಿತ್ತು. ಆಪರೇಷನ್ ಆದ ಶುರುವಿಗೆ ಫಿಸಿಯೋಥೆರಪಿಯವರು ಕಲಿಸಿದ್ದು, ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲೆ ಮೇಲೆ ಹತ್ತಿಸುವುದು. ಬೆರಳು ಮುಟ್ಟಿದಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ. ಊಟದ ಮನೆಯ ಗೋಡೆಯಲ್ಲಿ ಗೆರೆಗಳು ಇನ್ನೂ ಇವೆ, ಕೆಳಗಿನವು ಹತ್ತಿರ ಹತ್ತಿರ, ಮೇಲಿನವು ದೂರ ದೂರ. ಸುಣ್ಣ ಬಳಿಯುವಾಗ ಯಜಮಾನರು ಅಷ್ಟು ಜಾಗ ಬಿಟ್ಟು ಬಳಿಸಿದರು. ನಾನು ಹೇಳಿರಲಿಲ್ಲ. ಗಾಯ ಪೂರ್ತಿ ಮಾಗಿ, ಡಾಕ್ಟರ್ ಸರಿ ಅಂದ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿ, ಆಮೇಲೆ ಒಂದು ಲೀಟರ್. ಈಗ ಅಕ್ಕಿ ತುಂಬಿದ ಬಟ್ಟೆ ಚೀಲ. ವಾರಕ್ಕೆ ಎರಡು ದಿನ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು ಕೂಡ ಇದರಲ್ಲೇ ಸೇರಿದೆ.

ಭಾರಕ್ಕಿಂತ ನಾನು ಹೆದರುವುದು ಗೀರಿಗೆ. ಆ ಕೈಯಲ್ಲಿ ಸೋಂಕು ಆದರೆ ಊತಕ್ಕೆ ದಾರಿ. ಮುಳ್ಳು, ಗಿಡದ ಚೂಪು ಕೊನೆ, ಜಿಗಣೆ ಕಚ್ಚಿದ್ದನ್ನು ಕೆರೆದುಕೊಳ್ಳುವುದು, ಯಾವುದೂ ಸಣ್ಣದಲ್ಲ. ಚಿಗುರು ತೆಗೆಯುವಾಗ, ಕಳೆ ಕೀಳುವಾಗ ಉದ್ದ ತೋಳಿನ ಅಂಗಿ, ಗ್ಲೌಸ್ ಹಾಕಿಯೇ ಹಾಕುತ್ತೇನೆ. ಕೈ ಕೆಂಪಗೆ ಬಿಸಿಯಾದರೆ ನಾಳೆ ನೋಡೋಣ ಅನ್ನುವುದಿಲ್ಲ.

ವೈನ್ ಬಗ್ಗೆ ಹೇಳಿದರೆ ನಮ್ಮಲ್ಲಿ ಕೋಪ ಬರುತ್ತದೆ, ಗೊತ್ತು. ದ್ರಾಕ್ಷಿ, ಶುಂಠಿ, ಪ್ಯಾಶನ್ ಫ್ರೂಟ್ ಅಂತ ಮನೆಮನೆಯಲ್ಲೂ ಭರಣಿ ಇಟ್ಟಿರುತ್ತೇವೆ. ಮನೆಯಲ್ಲೇ ಮಾಡಿದ್ದು, ಹಣ್ಣಿಂದು, ಏನೂ ಆಗಲ್ಲ ಅನ್ನುವ ಮಾತು ರೂಢಿ. ಆಲ್ಕೊಹಾಲ್‌ಗೆ ಮನೆ, ಅಂಗಡಿ ಅಂತ ಭೇದ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿದೆ, ತಂಬಾಕಿನ ಜೊತೆ. ಮದ್ಯ ದೇಹದಲ್ಲಿ ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನ್ ಹೆಚ್ಚಿಸುತ್ತದೆ. ನನ್ನ ಗಡ್ಡೆ ಹಾರ್ಮೋನ್ ಪಾಸಿಟಿವ್, ಅಂದರೆ ಈಸ್ಟ್ರೊಜೆನ್ ಸಿಕ್ಕರೆ ಬೆಳೆಯುವ ಜಾತಿ. ಅದನ್ನು ಕಡಿಮೆ ಮಾಡಲು ದಿನಾ ಮಾತ್ರೆ ನುಂಗುತ್ತಾ, ಸಂಜೆ ಅದನ್ನೇ ಏರಿಸುವ ಗ್ಲಾಸ್ ಹಿಡಿಯುವುದು ಯಾವ ಲೆಕ್ಕ? ಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಎಡೆ ಇಡುವಾಗ ಇಡುತ್ತೇವೆ, ಅದು ಬೇರೆ. ನನ್ನ ಗ್ಲಾಸಿನಲ್ಲಿ ಮಜ್ಜಿಗೆ. ಮದುವೆ ಮನೆಯಲ್ಲಿ ಒತ್ತಾಯ ಮಾಡುವವರಿಗೆ “ಡಾಕ್ಟರ್ ಬೈತಾರೆ” ಅಂದರೆ ಸಾಕು, ದೊಡ್ಡ ವಿವರಣೆ ಬೇಕಿಲ್ಲ.

ಪಂದಿ ಕರಿ ಬಿಟ್ಟಿಲ್ಲ. ಹಂದಿ ಮಾಂಸವೂ ಕೆಂಪು ಮಾಂಸವೇ. ಅದರ ಎಚ್ಚರಿಕೆ ಮುಖ್ಯವಾಗಿ ಕರುಳಿನ ಕ್ಯಾನ್ಸರ್‌ಗೆ ಸಂಬಂಧಪಟ್ಟದ್ದು. ಕೆಂಪು ಮಾಂಸ ಬೇಯಿಸಿದ ಲೆಕ್ಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ಒಳಗೆ ಇರಲಿ ಅನ್ನುತ್ತಾರೆ. ವಾರಕ್ಕೊಮ್ಮೆ, ಕೊಬ್ಬು ಕಡಿಮೆ ಇರುವ ತುಂಡು, ನಮ್ಮ ಹುಳಿ ರಸ ಕಾಚಂಪುಳಿ ಹಾಕಿ ಹುಳಿಯಾಗಿ, ಖುಷಿಯಾಗಿ ತಿನ್ನುತ್ತೇನೆ. ಸಾಸೇಜು, ಬೇಕನ್ ಮಾತ್ರ ತರಿಸುವುದಿಲ್ಲ. ನಮ್ಮ ತಟ್ಟೆಯ ನಿಜವಾದ ಸಮಸ್ಯೆ ಅಕ್ಕಿ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿ ಒಟ್ಟಿ, ಮಧ್ಯಾಹ್ನ ಅನ್ನ. ಮೂರು ಹೊತ್ತೂ ಅದೇ. ಚಿಕಿತ್ಸೆಯಲ್ಲಿ ತೂಕ ಏರಿತ್ತು, ಜೊತೆಗೆ ಕೊಡುವ ಸ್ಟೀರಾಯ್ಡ್‌ನಿಂದ ಹಸಿವು ಬೇರೆ. ಕಡಂಬುಟ್ಟಿನ ಸಂಖ್ಯೆ ಇಳಿಸಿ ಪಕ್ಕದಲ್ಲಿ ಕಾಳು, ಮೊಟ್ಟೆ, ಮೀನು, ಸೊಪ್ಪು ಏರಿಸಿದೆ. ಮಳೆಗಾಲದಲ್ಲಿ ಕೆಸುವಿನ ಎಲೆ, ಕಣಿಲೆ (ಎಳೆ ಬಿದಿರು) ಇದ್ದೇ ಇದೆ. ಕಣಿಲೆಯನ್ನು ನೆನೆಸಿ, ನೀರು ಬದಲಾಯಿಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು, ಅದು ಎಲ್ಲರಿಗೂ.

ಸಕ್ಕರೆ ತಿಂದರೆ ಕ್ಯಾನ್ಸರ್‌ಗೆ ಊಟ ಹಾಕಿದ ಹಾಗೆ ಅನ್ನುವುದು ಅರ್ಧ ಮಾತು. ದೇಹದ ಎಲ್ಲ ಜೀವಕೋಶಕ್ಕೂ ಗ್ಲೂಕೋಸ್ ಬೇಕು, ನೀವು ಸಕ್ಕರೆ ಬಿಟ್ಟರೂ ದೇಹ ಅನ್ನದಿಂದ ಮಾಡಿಕೊಳ್ಳುತ್ತದೆ. ತೂಕ ಏರದಿರಲಿ ಅಂತ ಕಡಿಮೆ ಮಾಡಿ, ಹೆದರಿ ಅಲ್ಲ. ಬೆಲ್ಲದ ಕಾಫಿಯೂ ಸಿಹಿಯೇ, ಅದನ್ನು ಮರೆಯಬೇಡಿ. ಕಾಫಿಗೆ ಮಾತ್ರ ತೊಂದರೆ ಇಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸಂಶೋಧನಾ ವಿಭಾಗ ಕಾಫಿಯನ್ನು ಮತ್ತೆ ಪರೀಕ್ಷಿಸಿ ಅನುಮಾನದ ಪಟ್ಟಿಯಿಂದ ಇಳಿಸಿತು. ಅಂದು ಬೆಳೆಗಾರರೆಲ್ಲ ಸಿಹಿ ಹಂಚಬೇಕಿತ್ತು. ಕುದಿಕುದಿ ಬಿಸಿ ಮಾತ್ರ ಬೇಡ, 65 ಡಿಗ್ರಿ ಮೀರಿದ ಬಿಸಿ ಅನ್ನನಾಳಕ್ಕೆ ಒಳ್ಳೆಯದಲ್ಲ ಅಂತ ಅವರದೇ ಮಾತು.

ಸೊಪ್ಪು, ಕಷಾಯದ ವಿಷಯಕ್ಕೆ ಬಂದರೆ, ನೋಡಲು ಬಂದವರು ಲಕ್ಷ್ಮಣ ಫಲದ ಎಲೆ ಕಟ್ಟು ಕಟ್ಟು ತಂದು ಕೊಟ್ಟರು. ಅದರಿಂದ ಮನುಷ್ಯರ ಕ್ಯಾನ್ಸರ್ ಗುಣವಾದದ್ದಕ್ಕೆ ಆಧಾರ ಇಲ್ಲ. ಜಾಸ್ತಿ ತಗೊಂಡರೆ ನರಗಳಿಗೆ ಕೆಟ್ಟದ್ದು. ಕೀಮೋದಿಂದ ಮೊದಲೇ ಬೆರಳ ತುದಿ ಜೋಮು ಹಿಡಿದವರಿಗೆ ಇದು ಬೇಕಾ? ಅರಿಶಿನ ಸಾರಿಗೆ ಹಾಕಿ, ಕ್ಯಾಪ್ಸೂಲ್ ನುಂಗುವುದಾದರೆ ಡಾಕ್ಟರಿಗೆ ಹೇಳಿಯೇ ನುಂಗಿ. ಮಳೆಗಾಲದಲ್ಲಿ ನಾವು ಔಷಧಿ ಅಂತ ತಿನ್ನುವ ಮದ್ದು ಸೊಪ್ಪಿನದೂ ಹಾಗೇ. ನಮ್ಮ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಪಾಯಸ ಇಲ್ಲದೆ ಕೊಡಗಿನವರಿಗೆ ಆಗಲ್ಲ. ಕೀಮೋ ನಡೆಯುವಾಗ ಬಿಟ್ಟಿದ್ದೆ, ಈಗ ವರ್ಷಕ್ಕೊಮ್ಮೆ ಒಂದು ಬಟ್ಟಲು ತಿನ್ನುತ್ತೇನೆ, ಡಾಕ್ಟರಿಗೆ ಹೇಳಿ. ಒಂದು ತಮಾಷೆ ಹೇಳುತ್ತೇನೆ. ಕೀಮೋದಲ್ಲಿ ಡಾಕ್ಸೊರುಬಿಸಿನ್ ಅಂತ ಒಂದು ಕೆಂಪು ಔಷಧಿ ಇದೆ, ಅದು ಹೋದ ಒಂದೆರಡು ದಿನ ಮೂತ್ರ ಕೆಂಪಗೆ ಬರುತ್ತದೆ. ವಾರ್ಡಿನಲ್ಲಿ ಎಲ್ಲರೂ ರಕ್ತ ಅಂತ ಗಾಬರಿ. ನಾನೊಬ್ಬಳೇ ನಿಶ್ಚಿಂತೆ. ಮದ್ದು ಸೊಪ್ಪು ತಿಂದ ಮಾರನೇ ದಿನ ಇದನ್ನು ಚಿಕ್ಕಂದಿನಿಂದ ನೋಡಿದವಳು ತಾನೇ ನಾನು!

ಇಷ್ಟೆಲ್ಲ ಮಾಡಿ ಮಾತ್ರೆ ತಪ್ಪಿಸುವವರನ್ನು ನೋಡಿದರೆ ನನಗೆ ಸಂಕಟ. ಹಾರ್ಮೋನ್ ಪಾಸಿಟಿವ್ ಇದ್ದವರಿಗೆ ಟಮಾಕ್ಸಿಫೆನ್ ಅಥವಾ ಲೆಟ್ರೊಜೋಲ್ ತರಹದ ಮಾತ್ರೆ ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷದವರೆಗೂ ಇರುತ್ತದೆ. ನಾನು ತಗೊಳ್ಳುವುದು ಲೆಟ್ರೊಜೋಲ್. ಬೆಳಿಗ್ಗೆ ಏಳುವಾಗ ಕೀಲುಗಳೆಲ್ಲ ಬಿಗಿ, ಮೂಳೆ ಸವೆಯುವ ಭಯ. ಅಕ್ಕಿ ಚೀಲ ಎತ್ತುವುದು ಮೂಳೆಗೂ ಒಳ್ಳೆಯದು, ನಡೆದರೆ ಕೀಲು ನೋವೂ ಇಳಿಯುತ್ತದೆ. ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಯಾವಾಗ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಎಷ್ಟು ಅಂತ ನೀವೇ ಕೇಳಿ. ನೋವು ತಡೆಯಲಾಗದಿದ್ದರೆ ಮಾತ್ರೆ ಬದಲಾಯಿಸಲು ದಾರಿ ಇದೆ, ಸುಮ್ನೆ ನಿಲ್ಲಿಸಬೇಡಿ. ಇನ್ನೊಂದು. ನಮಗೆ ರೈಲಿಲ್ಲ, ಇರುವುದು ಘಾಟಿ ರಸ್ತೆಗಳು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದು ನೆನಪಿದೆಯಲ್ಲ? ಮೇ ತಿಂಗಳಲ್ಲಿ ಚೆಕಪ್‌ಗೆ ಹೋದಾಗಲೇ ಸೆಪ್ಟೆಂಬರ್‌ವರೆಗಿನ ಮಾತ್ರೆ ಬರೆಸಿಕೊಂಡು, ಒಟ್ಟಿಗೇ ತಂದಿಟ್ಟುಕೊಳ್ಳಿ.